ಗಾಜಿನೊಳಗಿನ ಕತ್ತೆಮರಿ

ಮಕ್ಕಳು ದೇವರ ಸಮಾನ ಎನ್ನುವವರನ್ನು ಒಂದು ಮಧ್ಯಾಹ್ನ ನಮ್ಮ ಮನೆಗೆ ಕಳಿಸಿಕೊಡಿ. ನನ್ನ ಸೊಸೆ ಎರಡು ಬಾಟಲಿಗಳಿಂದ ಸಮಸಮ ಅಳೆದು, ಒಂದು ಲೋಟಕ್ಕೆ ಸುರಿದು, ಐಸ್‌ಕ್ರೀಮ್ ಕಡ್ಡಿಯಿಂದ ಮೆಲ್ಲಗೆ ಕಲಕಲು ಶುರುಮಾಡುವ ಹೊತ್ತಿಗೆ ಸರಿಯಾಗಿ ಬರಲಿ. ಅದಕ್ಕೇ ಕಾದು ಕೂತವಳಂತೆ ನನ್ನ ಮೊಮ್ಮಗಳು ಎದ್ದು, ಅಡುಗೆಮನೆಯಿಂದ ಸಕ್ಕರೆ ಡಬ್ಬಿ ಎಳೆದು ತಂದು, ನನ್ನ ಎರಡೂ ಚಪ್ಪಲಿಗಳ ಮೇಲೆ ಒಂದೊಂದು ಹಿಡಿ ಸುರಿಯುವುದನ್ನು ಕಣ್ಣಾರೆ ನೋಡಲಿ. ದೇವರ ವಿಷಯ ಆಮೇಲೆ ಮಾತಾಡೋಣ.

ಆ ಲೋಟದಲ್ಲಿರುವುದಕ್ಕೆ ರೆಸಿನ್ ಎನ್ನುತ್ತಾರೆ. ನಾನು ಗಾಜುಗಂಜಿ ಎನ್ನುತ್ತೇನೆ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹೊದಿಕೆ, ದಿಂಬಿನ ಚೀಲ ಹೊಲಿದು, ಗಂಜಿ ಹಾಕಿಸಿ ಮಡಚಿಟ್ಟು ಜೀವನ ಸವೆಸಿದವಳು ನಾನು. ನನ್ನ ಕಣ್ಣಿಗೆ ಅದು ಗಂಜಿಯೇ. ಆದರೆ ಈ ಗಂಜಿ ಒಣಗಿದರೆ ಗಾಜಿನ ಹಾಗೆ ಆಚೆಯದು ಈಚೆ ಕಾಣುತ್ತದೆ, ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಒಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ. ಇನ್ನೊಂದು ವಿಷಯವಿದೆ. ಒಮ್ಮೆ ಬೆರೆಸಿದ ಮೇಲೆ ಅದನ್ನು ಬಿಟ್ಟು ಏಳುವಂತಿಲ್ಲ. ಬೇಗ ಕಲಕಿದರೆ ಗುಳ್ಳೆ ಏಳುತ್ತದೆ, ತಡಮಾಡಿದರೆ ಲೋಟದಲ್ಲೇ ಕಾದು ಗಟ್ಟಿಯಾಗಿ ಕೂರುತ್ತದೆ. ಅಷ್ಟು ಹೊತ್ತು ನನ್ನ ಸೊಸೆಯ ಕೈ ಕಟ್ಟಿಹಾಕಿದ ಹಾಗೆಯೇ. ಈ ಗುಟ್ಟು ಬೇರೆ ಯಾರಿಗೂ ತಿಳಿಯದಿದ್ದರೂ ನಮ್ಮ ಚೋಟುವಿಗೆ ತಿಳಿದುಬಿಟ್ಟಿತ್ತು. ಹುಟ್ಟಿದಾಗ ಚೋಟುದ್ದ ಇದ್ದಳು, ಅದಕ್ಕೆ ಆ ಹೆಸರು. ಈಗ ವಯಸ್ಸು ನಾಲ್ಕು. ಉದ್ದಕ್ಕಿಂತ ಬುದ್ಧಿ ಜಾಸ್ತಿ ಬೆಳೆದಿದೆ.

ಸೊಸೆಯ ಕಥೆ ಹೇಳಬೇಕು. ಮದುವೆಗೆ ಮೊದಲಿನಿಂದ ಒಂದು ಫ್ರೇಮಿನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಟ್ಟು ಹಾಕುವುದು, ಅಂಟಿಸುವುದು, ಹಳೆಯ ಚಿತ್ರಗಳ ಬಣ್ಣ ತಿದ್ದುವುದು, ಎಲ್ಲ ಅಲ್ಲೇ ಕಲಿತಳು. ಮಗುವಾದಾಗ ಮಾಲೀಕ, "ಮಗು ದೊಡ್ಡದಾಗ್ಲಿ, ಆಮೇಲೆ ಬಾಮ್ಮ" ಎಂದು ನಯವಾಗಿ ಹೇಳಿ, ಮಾರನೆಯ ದಿನವೇ ಅವಳ ಕುರ್ಚಿಯಲ್ಲಿ ತನ್ನ ಭಾವಮೈದುನನನ್ನು ಕೂರಿಸಿದ. ಇವಳು ಅಳಲಿಲ್ಲ. ಮನೆಯ ಹಿಂದೆ ಬಟ್ಟೆ ಒಗೆಯುವ ಕೋಣೆಯೊಂದಿತ್ತು. ಒಗೆಯುವ ಕಲ್ಲು ಕೀಳಿಸಿ, ಮೇಜು ಹಾಕಿ, ಕಿಟಕಿಗೆ ಫ್ಯಾನು ಕೂರಿಸಿ, ಧೂಳು ಬರಬಾರದು ಆದರೆ ಮಗು ಕಾಣಬೇಕು ಎಂದು ಗಾಜಿನ ಬಾಗಿಲು ಇಡಿಸಿದಳು. ಮೂತಿಗೆ ಮುಖವಾಡ ಕಟ್ಟಿ ಒಳಗೆ ಹೊಕ್ಕರೆ ಕೈಯಲ್ಲಿ ಮೀನುಗಳು ಹುಟ್ಟುತ್ತಿದ್ದವು.

ಮೀನು ಎಂದರೆ ಸುಮ್ಮನೆ ಚಿತ್ರವಲ್ಲ. ಬೋಗುಣಿಯ ತಳಕ್ಕೆ ಒಂದು ಪದರ ಗಾಜುಗಂಜಿ ಸುರಿದು, ಅದು ಗಟ್ಟಿಯಾದ ಮೇಲೆ ಮೀನಿನ ಹೊಟ್ಟೆ, ಕೆಳಗಿನ ರೆಕ್ಕೆ ಬರೆಯುತ್ತಾಳೆ. ಮತ್ತೊಂದು ಪದರ ಸುರಿದು ಮೈ ಬರೆಯುತ್ತಾಳೆ. ಮತ್ತೊಂದು ಪದರ, ಅದರ ಮೇಲೆ ಬೆನ್ನಿನ ಹುರುಪೆ. ಪಕ್ಕದಿಂದ ನೋಡಿದರೆ ಬರೀ ಬಣ್ಣದ ಗೀಟು. ಮೇಲಿನಿಂದ ಬಗ್ಗಿ ನೋಡಿದರೆ ನೀರಿನಲ್ಲಿ ಬಾಲ ಬೀಸಿಕೊಂಡು ನಿಂತ ಜೀವಂತ ಮೀನು. ನಾನೇ ಒಂದು ಸಲ ಬೆರಳು ಅದ್ದಲು ಹೋಗಿ ಉಗುರು ತರಚಿಕೊಂಡಿದ್ದೇನೆ.

ಇಂಥ ಕೆಲಸ ಮಾಡುವವಳಿಗೆ ಪಕ್ಕದ ಮನೆಯವರು ಹೇಳುವ ಮಾತು, "ಮನೇಲೇ ಇರ್ತೀಯಲ್ಲ, ನಿಂದೇ ಆರಾಮ ಬಿಡು." ನಾಲಿಗೆಗೆ ಎಲುಬಿಲ್ಲ ಎಂದು ಸುಮ್ಮನಿರಬಹುದಿತ್ತು. ನಾನು ಸುಮ್ಮನಿರುವ ಜಾತಿಯಲ್ಲ. "ನಾಳೆ ನನ್ನ ಮೊಮ್ಮಗಳನ್ನ ನಿಮ್ಮನೇಲಿ ಬಿಡ್ತೀನಿ, ನೀವೂ ಆರಾಮ ಮಾಡ್ಕೊಳಿ" ಎಂದೆ. ಆಮೇಲೆ ಆ ಮನೆಯವರು ಮಾತು ಕಡಿಮೆ ಮಾಡಿದರು.

ಮೂಗಿನ ತುದಿಯಲ್ಲಿ ಕೋಪ ಇರುವುದು ನನಗೆ. ಬಂತು, ಕೂಗಿದೆ, ಹೋಯಿತು. ಸೊಸೆಯದು ಒಳಗೊಳಗೇ ಕುದಿಯುವ ಕೋಪ. ಅದರ ಮೇಲೆ ಅವಳಿಗೊಂದು ಶಪಥ ಬೇರೆ, ಮಗುವಿನ ಮೇಲೆ ಕೈ ಮಾಡುವುದಿಲ್ಲ ಎಂದು. ಅವಳಪ್ಪ ಮಾತಿಗೆ ಮುಂಚೆ ಬೆಲ್ಟು ಬಿಚ್ಚುತ್ತಿದ್ದ ಮನುಷ್ಯ, ಆದ್ದರಿಂದ ಆ ಶಪಥವನ್ನು ನಾನು ಗೌರವಿಸುತ್ತೇನೆ. ಹೊಡೆಯುವ ಬದಲು ಏನು ಮಾಡಬೇಕೆಂದು ಮೊಬೈಲಿನಲ್ಲಿ ನೋಡಿ ಕಲಿತಳು. ಮೊದಲು ಒಂದು ಯೋಚನೆಯ ಕುರ್ಚಿ ಬಂತು. ತಪ್ಪು ಮಾಡಿದರೆ ಅದರ ಮೇಲೆ ಕೂತು ಯೋಚಿಸಬೇಕು. ಚೋಟು ನಿಜಕ್ಕೂ ಯೋಚಿಸುತ್ತಿದ್ದಳು. ಎದ್ದಾಗ ಮೊದಲಿಗಿಂತ ಒಳ್ಳೆಯ ಉಪಾಯ ಸಿದ್ಧವಿರುತ್ತಿತ್ತು. ಆಮೇಲೆ ಒಳ್ಳೆಯ ನಡತೆಗೆ ಅಂಟಿಸುವ ಚಿನ್ನದ ನಕ್ಷತ್ರಗಳು ಬಂದವು. ನಾನು ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ ಆ ನಕ್ಷತ್ರಗಳೆಲ್ಲ ನನ್ನ ಊದಿದ ಮೊಣಕಾಲ ಮೇಲೆ ಇದ್ದವು. "ಅಜ್ಜಿ ಕಾಲು ಒಳ್ಳೇದು, ಓಡಲ್ಲ" ಎಂದಳು.

ಸಂಜೆ ನನ್ನ ಮಗ ಬರುತ್ತಾನೆ. ಟೈಲ್ಸ್ ಅಂಗಡಿಯಲ್ಲಿ ಮಾರಾಟದ ಕೆಲಸ, ದಿನವಿಡೀ ನಗುನಗುತ್ತಾ ಗಿರಾಕಿ ನೋಡುವವನು. ಮನೆಗೂ ಅದೇ ನಗು ತರುತ್ತಾನೆ. ಅಪ್ಪ ಬಂದೊಡನೆ ಶಿಕ್ಷೆಗೆಲ್ಲ ರಜೆ. ಕುರ್ಚಿಯಿಂದ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, "ಸಣ್ಣ ಮಗು ಕಣೇ, ನಿನ್ನ ಕೋಪಕ್ಕೆ ಇದೇ ಸಿಕ್ಕಿತಾ?" ಎನ್ನುತ್ತಾನೆ. ಮರುಕ್ಷಣ ಸಕ್ಕರೆ ಅಂಟಿದ ನೆಲದ ಮೇಲೆ ಕಾಲಿಟ್ಟು, "ಮನೇಲೇ ಇದ್ದು ಒಂದು ಮಗೂನ ನೋಡ್ಕೊಳೋಕಾಗಲ್ವಾ?" ಎನ್ನುತ್ತಾನೆ. ನಾನೇ ಹೆತ್ತ ಮಗ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹೆಗ್ಗಣ ನನಗೆ ಅಷ್ಟೇನೂ ಮುದ್ದಲ್ಲ.

ಇನ್ನು ಕತ್ತೆಮರಿ. ಆಸ್ಪತ್ರೆಯಲ್ಲಿ ಉಳಿದ ಹಸಿರು ಬಟ್ಟೆಯಲ್ಲಿ ಮೊಮ್ಮಗಳಿಗೆಂದು ಕುದುರೆ ಹೊಲಿಯಲು ಕೂತಿದ್ದೆ. ಕಿವಿ ಉದ್ದವಾಯಿತು, ಕತ್ತೆಯಾಯಿತು. ಹೊಟ್ಟೆಗೆ ಅರಳೆ ತುಂಬಿ, ಕಣ್ಣಿಗೆ ಎರಡು ಅಂಗಿಗುಂಡಿ ಹೊಲಿದೆ. ಚೋಟುವಿಗೆ ಅದಿಲ್ಲದೆ ಊಟವಿಲ್ಲ, ನಿದ್ದೆಯಿಲ್ಲ. ಒಂದು ಕಿವಿಯನ್ನು ಅಗಿದು ಅಗಿದು ಹಗ್ಗ ಮಾಡಿದ್ದಳು. ಏನೇ ತಪ್ಪು ಮಾಡಲಿ, ಅವಳ ಉತ್ತರ ಒಂದೇ, "ನಾನಲ್ಲ, ಕತ್ತೆಮರಿ." ಗೋಡೆಗೆ ಗೀಚಿದ್ದು ಕತ್ತೆಮರಿ, ಹಾಲು ಚೆಲ್ಲಿದ್ದು ಕತ್ತೆಮರಿ, ನನ್ನ ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿ ಹೂತಿದ್ದೂ ಕತ್ತೆಮರಿ. ನಾವೆಲ್ಲ ನಗುತ್ತಿದ್ದೆವು, ಸೊಸೆಯೂ ಕೂಡ.

ಒಂದು ದೊಡ್ಡ ಕೆಲಸ ಬಂತು. ತಂದವಳು ಪೇಟೆಯ ಉಡುಗೊರೆ ಅಂಗಡಿಯಾಕೆ. ಸೊಸೆಯ ಮೀನಿನ ಬೋಗುಣಿಗಳು ಮಾರಾಟವಾಗುತ್ತಿದ್ದುದು ಅವಳ ಅಂಗಡಿಯಲ್ಲೇ. ಒಂದು ಕಣ್ಣಾಸ್ಪತ್ರೆಯವರಿಗೆ, ರೋಗಿಗಳು ಕಾಯುವ ಜಾಗದಲ್ಲಿ ಇಡಲು, ಎರಡು ಕೈ ಚಾಚಿದರೂ ತಬ್ಬಲಾಗದಷ್ಟು ದೊಡ್ಡ ಬೋಗುಣಿಯ ತುಂಬ ಮೀನು ಬೇಕಾಗಿತ್ತು. ಸೊಸೆ ವಾರಗಟ್ಟಲೆ ಬೆನ್ನು ಬಗ್ಗಿಸಿದಳು. ಅವಳ ಮೇಜಿನ ಮೇಲೆ ಹಿಡಿಸದೆ ನಡುಮನೆಯಲ್ಲಿ, ನನ್ನ ಹೊಲಿಗೆ ಯಂತ್ರದ ಮೇಜಿನ ಮೇಲೆ ಇಟ್ಟಳು. ಮಟ್ಟ ನೋಡಿ ಮೇಜಿನ ಕಾಲಿನ ಕೆಳಗೆ ಕಾಗದ ಮಡಚಿ ಕೊಟ್ಟಳು. ಕೊನೆಯ ಪದರ ಸುರಿದು, ಧೂಳು ಬೀಳದಂತೆ ರಟ್ಟಿನ ಪೆಟ್ಟಿಗೆ ಮುಚ್ಚಿ, "ನಾಳೆ ಬೆಳಿಗ್ಗೆ ತನಕ ಯಾರೂ ಮುಟ್ಬೇಡಿ. ಅತ್ತೆ, ನೀವೂ ಅಷ್ಟೇ" ಎಂದು ಹೇಳಿ, ಉಳಿದ ಚಿಲ್ಲರೆ ಕೆಲಸಕ್ಕೆ ಇನ್ನೊಂದು ಲೋಟ ಬೆರೆಸಲು ಕೋಣೆಯೊಳಗೆ ಹೋದಳು.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದ. ನಾನು ಮೊಣಕಾಲು ಎಳೆದುಕೊಂಡು ಅತ್ತ ಹೋದೆ. ಗಾಜಿನ ಬಾಗಿಲಾಚೆಯಿಂದ ಸೊಸೆ "ಮುಟ್ಬೇಡ! ಚೋಟು, ಮುಟ್ಬೇಡ!" ಎಂದು ಕಿರುಚಿದ್ದು ಕೇಳಿ ತಿರುಗಿದರೆ, ಪೆಟ್ಟಿಗೆ ನೆಲದ ಮೇಲೆ, ಚೋಟು ಸ್ಟೂಲಿನ ಮೇಲೆ. ಕಂಕುಳಲ್ಲಿ ಕತ್ತೆಮರಿ. ಕೈಯಲ್ಲಿದ್ದ ಬನ್ನನ್ನು ಚೂರುಚೂರು ಮಾಡಿ ಇಡೀ ಬೋಗುಣಿಗೆ ಉದುರಿಸುತ್ತಿದ್ದಾಳೆ. ಬನ್ನಿನ ಚೂರುಗಳು ಗಾಜುಗಂಜಿ ಕುಡಿದು ಕಪ್ಪಾಗಿ ಮೀನುಗಳ ಬೆನ್ನ ಮೇಲೆ ಇಳಿದು ಕೂರುತ್ತಿದ್ದವು.

ಸೊಸೆ ಲೋಟ ಹಿಡಿದುಕೊಂಡೇ ಬಂದಳು. ಬೋಗುಣಿ ನೋಡಿದಳು. ಮುಖ ಸುಣ್ಣ ಬಳಿದ ಹಾಗಾಯಿತು.

"ಮೀನಿಗೆ ಹಸಿವಾಗಿತ್ತು," ಎಂದಳು ಚೋಟು. ಅಮ್ಮನ ಮುಖ ನೋಡಿ, "ನಾನಲ್ಲ, ಕತ್ತೆಮರಿ ಕೊಟ್ಟಿದ್ದು" ಎಂದು ಸೇರಿಸಿದಳು.

"ಕತ್ತೆಮರೀನಾ?"

"ಹೂಂ."

"ಸರಿ. ಹಾಗಾದ್ರೆ ಶಿಕ್ಷೇನೂ ಕತ್ತೆಮರಿಗೇ."

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಗಾದೆಯಲ್ಲಿ ಕೇಳಿದರೆ ನಗು ಬರುತ್ತದೆ. ಸೊಸೆ ಕತ್ತೆಮರಿಯನ್ನು ಮಗಳ ಕಂಕುಳಿಂದ ಕಿತ್ತುಕೊಂಡು ಕೋಣೆಗೆ ಹೋದಳು. ಹಿಂದೆಯೇ ಚೋಟು, ಅವಳ ಹಿಂದೆ ನಾನು. ಒಂದು ಚೌಕದ ಅಚ್ಚು ತೆಗೆದಳು, ಕತ್ತೆಮರಿಯನ್ನು ಅದರಲ್ಲಿ ಕೂರಿಸಿದಳು, ಕೈಯಲ್ಲಿದ್ದ ಲೋಟ ಸುರಿದಳು. ಸಾಲಲಿಲ್ಲ. ಎರಡು ಬಾಟಲಿ ತೆಗೆದು ಮತ್ತೊಂದು ಲೋಟಕ್ಕೆ ಅಳೆದಳು. ನನ್ನ ಮೈ ಉರಿದುಹೋದದ್ದು ಅಲ್ಲಿ. ಕೋಪ ಬಂದರೆ ಅಳತೆ ತಪ್ಪಬೇಕು, ಕೈ ನಡುಗಬೇಕು. ಅವಳು ಗೀಟಿಗೆ ಗೀಟು ಹೊಂದಿಸಿ ಸಮಸಮ ಅಳೆದು, ಗುಳ್ಳೆ ಏಳದ ಹಾಗೆ ಮೆಲ್ಲಗೆ ಕಲಕಿದಳು.

"ಏನೇ ಮಾಡ್ತಿದ್ದೀಯ! ತೆಗಿ ಅದನ್ನ ಹೊರಗೆ!"

"ಅತ್ತೆ, ನೀವು ಸುಮ್ಮನಿರಿ. ಇವತ್ತು ಇವಳಿಗೆ ಗೊತ್ತಾಗ್ಬೇಕು."

"ನಾಲ್ಕು ವರ್ಷದ್ದಕ್ಕೆ ಏನು ಗೊತ್ತಾಗುತ್ತೆ? ನಾಲ್ಕು ಮಾತು ಬೈದು ಬಿಡು!"

"ಬೈದು ಬೈದು ನನ್ನ ಗಂಟಲು ಬಿದ್ದೋಗಿದೆ. ನನ್ನ ಕೆಲಸ ಹಾಳಾದ್ರೆ ಈ ಮನೇಲಿ ಯಾರಿಗೂ ಏನೂ ಆಗಲ್ಲ. ಇವಳ ವಸ್ತು ಹೋದ್ರೆ ಹೇಗಿರುತ್ತೆ ಅಂತ ಇವಳಿಗೆ ಗೊತ್ತಾಗ್ಲಿ."

ಚೋಟು ಮೇಜಿನ ಅಂಚಿಗೆ ಗಲ್ಲ ಆನಿಸಿ ನೋಡುತ್ತಿದ್ದಳು. "ಕತ್ತೆಮರಿಗೆ ಸ್ನಾನಾನಾ?" ಎಂದಳು. ಗಂಜಿ ಕತ್ತೆಮರಿಯ ಕಿವಿಯ ಮೇಲಕ್ಕೆ ಏರಿತು. "ಸಾಕಮ್ಮ, ತೆಗಿ," ಎಂದಳು.

"ತೆಗೆಯೋಕೆ ಬರಲ್ಲ," ಎಂದಳು ನನ್ನ ಸೊಸೆ. "ಯಾವತ್ತೂ ಬರಲ್ಲ."

ಬಟ್ಟೆಯನ್ನು ಗಾಜುಗಂಜಿಯಲ್ಲಿ ಹಾಕುವ ಮೊದಲು ತೆಳ್ಳಗೆ ಒಂದು ಸಲ ಬಳಿದು ಒಣಗಿಸಬೇಕಂತೆ, ಇಲ್ಲದಿದ್ದರೆ ಒಳಗಿನ ಗಾಳಿ ಹೊರಗೆ ಬರುತ್ತದೆ. ಅವಳು ಬಳಿದಿರಲಿಲ್ಲ. ಕತ್ತೆಮರಿಯ ಮೂತಿಯ ಹತ್ತಿರದ ಹೊಲಿಗೆ ಸಂದಿಯಿಂದ ಸಣ್ಣಸಣ್ಣ ಗುಳ್ಳೆ ಒಂದರ ಹಿಂದೊಂದು ಎದ್ದು, ಅರ್ಧ ದಾರಿಯಲ್ಲಿ ಹಾಗೇ ನಿಂತವು. ಮಾರನೆಯ ಬೆಳಿಗ್ಗೆ ಅಚ್ಚಿನಿಂದ ತೆಗೆದಾಗ ಗಾಜಿನ ಗಟ್ಟಿಯೊಳಗೆ ಕತ್ತೆಮರಿ, ಅದರ ಮೂತಿಯಿಂದ ಮೇಲಕ್ಕೆ ಗುಳ್ಳೆಗಳ ಸಾಲು. ಚೋಟು ಅದನ್ನು ಎರಡು ಕೈಯಲ್ಲಿ ಹೊತ್ತುಕೊಂಡು ಬಂದು ನನ್ನ ತೊಡೆಯ ಮೇಲಿಟ್ಟಳು. "ಅಜ್ಜಿ, ಉಸಿರು ಬಿಡ್ತಿದೆ ನೋಡು," ಎಂದಳು. ಚಮಚ ತಂದು ಕೆರೆದಳು. ಬಿಸಿಲಿಗಿಟ್ಟಳು. ನನ್ನ ಸ್ನಾನದ ಬಿಸಿನೀರಿನಲ್ಲಿ ಮುಳುಗಿಸಿದಳು. ಕೊನೆಗೆ ಅದನ್ನು ತನ್ನ ಹಾಸಿಗೆಯಲ್ಲಿ ಗೋಡೆಯ ಕಡೆಗೆ ಮಲಗಿಸಿ ಹೊದಿಕೆ ಹೊದಿಸಿದಳು. ಅಳಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಆಮೇಲೆ ನಮ್ಮ ಚೋಟು ಒಳ್ಳೆಯ ಮಗುವಾದಳು. ಕೂರು ಎಂದರೆ ಕೂತಳು, ತಿನ್ನು ಎಂದರೆ ತಿಂದಳು. ಅಮ್ಮ ಕೋಣೆಗೆ ಹೋದರೆ ತಾನಾಗಿಯೇ ಯೋಚನೆಯ ಕುರ್ಚಿಯ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಶಿಶುವಿಹಾರದ ಟೀಚರು, "ಏನು ಮಾಡಿದ್ರಿ? ತುಂಬಾ ಸುಧಾರಿಸಿದ್ದಾಳೆ" ಎಂದು ಹೊಗಳಿದಳು. ನನ್ನ ಮಗನಂತೂ, "ನೋಡಮ್ಮ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಕೊನೆಗೂ ದಾರಿಗೆ ಬಂದಳು" ಎಂದು ಮೀಸೆ ತೀಡಿದ.

"ಅದು ಬಗ್ಗಿದ್ದಲ್ಲ ಕಣೋ, ಮುರಿದದ್ದು," ಎಂದೆ. "ಕಣ್ಣು ಬಿಟ್ಟು ನೋಡು. ಮಗು ನಕ್ಕು ಎಷ್ಟು ದಿನ ಆಯ್ತು?"

"ನಿನಗೆ ತುಂಟಾಟ ಮಾಡಿದ್ರೂ ಕಷ್ಟ, ಮಾಡದಿದ್ರೂ ಕಷ್ಟ."

ಸೊಸೆ ಅನ್ನ ಕಲಸುತ್ತಾ ತಲೆ ಎತ್ತಲಿಲ್ಲ. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಾಳಲ್ಲ ಎಂದು ನನಗೆ ಅವಳ ಮೇಲೆ ಎಲ್ಲರಿಗಿಂತ ಹೆಚ್ಚು ಕೋಪ.

ಬೋಗುಣಿ ಏನಾಯಿತೆಂದು ನೋಡಲು ಉಡುಗೊರೆ ಅಂಗಡಿಯಾಕೆ ಬಂದಳು. ಕಪ್ಪು ಕನ್ನಡಕವನ್ನು ನೆತ್ತಿಗೇರಿಸಿಕೊಂಡೇ ಒಳಗೆ ಬರುವವಳು. ಬನ್ನು ಬಿದ್ದ ಮೀನುಗಳನ್ನು ನೋಡಿ ತುಟಿ ಕಚ್ಚಿದಳು. ಸೊಸೆ ತಲೆ ತಗ್ಗಿಸಿ, "ಮೇಡಂ, ಮತ್ತೆ ಮೊದಲಿಂದ ಮಾಡಿಕೊಡ್ತೀನಿ" ಎನ್ನುವಷ್ಟರಲ್ಲಿ ಅಂಗಡಿಯಾಕೆಯ ಕಣ್ಣು ಹಾಸಿಗೆಯ ಕಡೆ ಹೋಯಿತು. ಚೋಟು ಗಾಜಿನ ಗಟ್ಟಿಗೆ ಹೊದಿಕೆ ಸರಿಮಾಡುತ್ತಿದ್ದಳು.

"ಅಯ್ಯೋ, ಇದೇನ್ರೀ ಇದು! ಎಷ್ಟು ಮುದ್ದಾಗಿದೆ! ಬಾಲ್ಯಾನೇ ಹಿಡಿದಿಟ್ಟ ಹಾಗಿದೆಯಲ್ಲ! ಈ ಗುಳ್ಳೆ ಹೇಗೆ ಮಾಡಿದ್ರಿ?"

"ಅದು... ತಪ್ಪಾಗಿ ಬಂದಿದ್ದು ಮೇಡಂ."

"ಇಂಥ ತಪ್ಪು ಇನ್ನೂ ಮಾಡ್ರೀ! ಮಕ್ಕಳ ಮೊದಲನೇ ಗೊಂಬೆ, ಹೀಗೆ ಗಾಜಲ್ಲಿ. ತಂದೆತಾಯಿ ಮುಗಿಬೀಳ್ತಾರೆ. ಕಣ್ಣಾಸ್ಪತ್ರೆಯೋರಿಗೆ ನಾನು ಹೇಳ್ಕೋತೀನಿ ಬಿಡಿ. ಇದನ್ನ ಮಾತ್ರ ಕೊಡಿ, ನನ್ನ ಅಂಗಡಿ ಕಿಟಕೀಲಿ ಇಡ್ತೀನಿ."

ಸೊಸೆ ಒಂದು ಗಳಿಗೆ ನಿಂತಳು. ಫ್ರೇಮಿನ ಅಂಗಡಿಯಿಂದ ಹೊರಬಿದ್ದ ಮೇಲೆ ಅವಳು ಕಟ್ಟಿಕೊಂಡದ್ದೆಲ್ಲ ಈ ಹೆಂಗಸಿನ ಕಿಟಕಿಯ ಮೇಲೆ ನಿಂತಿತ್ತು. ಅದು ನನಗೂ ತಿಳಿಯುತ್ತದೆ, ನಾನೇನು ಮಂಕಲ್ಲ. ಆದರೂ ಅವಳು "ಚೋಟು, ಕೊಡಮ್ಮ ಅದನ್ನ" ಎಂದಾಗ ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮೊದಲಿನ ಚೋಟುವಾಗಿದ್ದರೆ ಕಚ್ಚುತ್ತಿದ್ದಳು, ಅಂಗಡಿಯಾಕೆಯ ನೆತ್ತಿಯ ಕನ್ನಡಕ ನನ್ನ ಅಕ್ಕಿ ಡಬ್ಬಿ ಸೇರುತ್ತಿತ್ತು. ಈ ಚೋಟು ಎದ್ದು, ಗಟ್ಟಿಯನ್ನು ಹೊತ್ತು ತಂದು, ಆ ಹೆಂಗಸಿನ ಕೈಗೆ ಕೊಟ್ಟಳು. "ವೆರಿ ಗುಡ್ ಗರ್ಲ್" ಎಂದು ಅವಳ ಕೆನ್ನೆ ತಟ್ಟಿ ಹೊರಟಳು ಆಕೆ. ನಾನು ಬಾಗಿಲವರೆಗೆ ಹೋಗಿ ಅವಳ ಬೆನ್ನಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಅಂಗಡಿಯಾಕೆ ಹೇಳಿದ್ದು ಸುಳ್ಳಾಗಲಿಲ್ಲ. ಜನ ಮುಗಿಬಿದ್ದರು. ಚೀಲಚೀಲಗಳಲ್ಲಿ ಕರಡಿ, ಬಾತುಕೋಳಿ, ಒಂದು ಕಾಲಿನ ಗೊಂಬೆ, ಎಂಜಲು ಹತ್ತಿದ ಮೊಲ ಬಂದವು. "ಅವನಿಗೆ ಇದರ ನೆನಪೇ ಇಲ್ಲ ಬಿಡಿ" ಎಂದು ಒಬ್ಬ ತಾಯಿ ಹೇಳಿದಳು. ಹೊರಗೆ ನಿಂತ ಕಾರಿನೊಳಗಿಂದ ಅವಳ ಮಗ ಕಿಟಕಿ ಗುದ್ದುತ್ತಾ ಬಿಕ್ಕುತ್ತಿದ್ದ. ಎಲ್ಲರಿಗೂ ಗುಳ್ಳೆ ಬೇಕು. "ಉಸಿರಾಡೋ ಥರ ಇರ್ಬೇಕು" ಎಂದು ಕೇಳುತ್ತಿದ್ದರು. ಸೊಸೆ ಮೀನು ಬರೆಯುವುದನ್ನು ಬಿಟ್ಟಳು. ಕೋಣೆಯ ಗೋಡೆಗೆ ಹಲಗೆ ಹೊಡೆಸಿ, ಸರದಿಗಾಗಿ ಕಾಯುವ ಆಟಿಕೆಗಳನ್ನು ಅದರ ಮೇಲೆ ಸಾಲಾಗಿ ಕೂರಿಸಿದಳು. ಮಗ ಮನೆಗೆ ಸಿಹಿ ತಂದ. ನಾನು ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಚೋಟು ಗಾಜಿನ ಬಾಗಿಲಿಗೆ ಮೂಗು ಒತ್ತಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಅಜ್ಜಿ, ಈ ಮಕ್ಕಳೆಲ್ಲಾ ಏನು ತಪ್ಪು ಮಾಡಿದ್ರು?"

ನಾನು ನೆಟ್ಟಗೆ ಕೋಣೆಗೆ ಹೋಗಿ, ಬಾಗಿಲು ಧಡಾರನೆ ತೆಗೆದು, ಧೂಳು ಬಂದರೆ ಬರಲಿ ಎಂದು ಅಲ್ಲೇ ನಿಂತು ಆ ಪ್ರಶ್ನೆಯನ್ನು ಹಾಗೆಯೇ ಸೊಸೆಯ ಮುಂದೆ ಒಗೆದೆ. "ನಿನ್ನ ಮಗಳು ಕೇಳ್ತಿದ್ದಾಳೆ. ಹೋಗಿ ಹೇಳು."

ಕರಡಿಯ ಧೂಳು ಒರೆಸುತ್ತಿದ್ದ ಅವಳ ಕೈ ನಿಂತಿತು. "ಅತ್ತೆ, ಈಗ ನಿಲ್ಲಿಸಿದ್ರೆ ಮೇಡಂ ನನ್ನ ಕೈಬಿಡ್ತಾರೆ. ಮತ್ತೆ ಯಾರೋ ಒಬ್ಬರ ಅಂಗಡೀಲಿ ನಿಂತು ಬೈಸ್ಕೋಬೇಕು. ನನ್ನದು ಅಂತ ಇರೋದು ಇದೊಂದೇ ಕೋಣೆ."

"ಅವಳದ್ದು ಅಂತ ಇದ್ದಿದ್ದೂ ಅದೊಂದೇ ಕತ್ತೆ!"

ಸೊಸೆ ಮುಖವಾಡ ಮೇಲೆಳೆದುಕೊಂಡಳು. ನಾನು ಬಾಗಿಲು ಹಾಕಿಕೊಂಡು ಬಂದೆ. ಆ ದಿನದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಉಪ್ಪು ಬೇಕಾದರೂ ಚೋಟುವಿನ ಮೂಲಕ ಕೇಳುತ್ತಿದ್ದೆವು. ಅವಳು ಒಂದು ಹರಳೂ ಚೆಲ್ಲದೆ ತಂದುಕೊಡುತ್ತಿದ್ದಳು.

ಕೆಲವು ದಿನ ಹೀಗೇ ಕಳೆದವು. ಮಧ್ಯಾಹ್ನ ಸೊಸೆ ಒಳಗೆ ಲೋಟ ಕಲಕುತ್ತಿದ್ದಳು. ಮೇಜಿನ ಮೇಲಿನ ಅಚ್ಚಿನಲ್ಲಿ ಯಾರದೋ ಮನೆಯ ಹಳದಿ ಬಾತುಕೋಳಿ ಆಗಲೇ ಅರ್ಧ ಮುಳುಗಿತ್ತು, ಉಳಿದರ್ಧಕ್ಕೆ ಈ ಲೋಟ. ಹೊರಗೆ ಬಾಗಿಲ ಪಕ್ಕ ಗೊಂಬೆಗಳ ಬಣ್ಣ ತಿದ್ದಿದ ಬ್ರಷ್ಷು ತೊಳೆದ ನೀರಿನ ಮಗ್ಗು ಇತ್ತು. ಚೋಟು ಕುರ್ಚಿಯಿಂದ ಇಳಿಯುವಾಗ ಕಾಲು ತಾಗಿ ಅದು ಉರುಳಿತು, ನೀಲಿ ನೀರು ನೆಲದ ಮೇಲೆ ಹರಿಯಿತು. ಬರೀ ನೀರು, ಬಟ್ಟೆ ಹಾಕಿ ಒರೆಸಿದರೆ ಮುಗಿಯಿತು. ನಾನು "ಇರಲಿ ಬಿಡು" ಎನ್ನುವಷ್ಟರಲ್ಲಿ ಅವಳು ಓಡಿಹೋಗಿ ತನ್ನ ಹಾಸಿಗೆಯಿಂದ ಪುಟ್ಟ ದಿಂಬನ್ನು ತಂದಳು. ಕತ್ತೆಮರಿ ಹೋದ ಮೇಲೆ ಅವಳು ರಾತ್ರಿ ತಬ್ಬಿಕೊಳ್ಳುತ್ತಿದ್ದುದು ಅದನ್ನೇ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು.

"ಅಮ್ಮ, ನೀರು ಚೆಲ್ಲಿಬಿಟ್ಟೆ. ನಾನೇ ಚೆಲ್ಲಿದ್ದು." ದಿಂಬನ್ನು ಮೇಜಿನ ಮೇಲೆ, ಅಚ್ಚಿನ ಪಕ್ಕ ಇಟ್ಟಳು. "ಇದನ್ನ ಹಾಕು."

ಸೊಸೆ ದಿಂಬು ನೋಡಿದಳು, ಮಗಳನ್ನು ನೋಡಿದಳು. ಕಡ್ಡಿ ಲೋಟದಲ್ಲಿ ಹಾಗೇ ನಿಂತಿತು. ಅವಳು ಕಲಕುವುದನ್ನು ನಡುವೆ ನಿಲ್ಲಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಲೋಟ ಕಾದು ಸಣ್ಣಗೆ ಹೊಗೆ ಎದ್ದಾಗ ಅವಳು ಅದನ್ನು ಕೆಳಗಿಟ್ಟು, ಮಗಳನ್ನು ದೂರ ಎಳೆದುಕೊಂಡಳು. ಒಳಗಿನದು ಹಳದಿಯಾಗಿ, ಟಪ್ ಎಂದು ಸೀಳಿ, ಕಡ್ಡಿಯ ಸಮೇತ ಕಲ್ಲಾಯಿತು. ಅಚ್ಚಿನಲ್ಲಿ ಬಾತುಕೋಳಿ ಅರ್ಧಕ್ಕೇ ಉಳಿಯಿತು.

ಚೋಟು ಕತ್ತು ಚಾಚಿ ನೋಡಿದಳು. "ಅಮ್ಮ, ಅದು ಹಾಳಾಯ್ತು."

"ಹೂಂ, ಹಾಳಾಯ್ತು."

"ಯಾರು ಮಾಡಿದ್ದು?"

"ನಾನೇ ಮಾಡಿದ್ದು ಪುಟ್ಟಿ."

ಚೋಟು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಈಗ ನಿಂದು ಏನು ಹಾಕ್ತಾರೆ?"

ಸೊಸೆ ನೆಲದ ಮೇಲೆ ಕುಸಿದು ಕೂತಳು. "ನೀನೇ ಹೇಳು," ಎಂದಳು. "ಯಾವುದು ಹೇಳ್ತೀಯೋ ಅದನ್ನೇ ಹಾಕ್ತೀನಿ."

ಚೋಟು ಕೋಣೆಯನ್ನೆಲ್ಲ ನೋಡಿದಳು. ಮೇಜಿನ ಮೇಲಿನ ಬ್ರಷ್ಷುಗಳ ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಬ್ರಷ್ಷನ್ನು ಎತ್ತಿದಳು. ಮೀನಿನ ಕಣ್ಣು ಬರೆಯುವ ಬ್ರಷ್ಷು ಅದು, ನನಗೂ ಮುಟ್ಟಲು ಬಿಡುತ್ತಿರಲಿಲ್ಲ. ಅಮ್ಮನ ಮುಖ ನೋಡಿದಳು. ಮತ್ತೆ ಅದನ್ನು ಡಬ್ಬಿಯಲ್ಲಿ ಇಟ್ಟಳು.

"ಬೇಡ ಬಿಡಮ್ಮ," ಎಂದಳು. "ನಿಂಗೆ ಅಳು ಬರತ್ತೆ."

ನನ್ನ ಸೊಸೆ ಅತ್ತಳು. ಫ್ರೇಮಿನ ಅಂಗಡಿಯವನು ಹೊರಗೆ ಹಾಕಿದಾಗ ಅಳದವಳು ಎದೆ ಬಿರಿಯುವ ಹಾಗೆ ಅತ್ತಳು. ಚೋಟು ಹೆದರಿ, "ಹಾಕಲ್ಲ, ಹಾಕಲ್ಲ" ಎಂದು ಅವಳ ತಲೆ ಸವರಿದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅಳಲಿ ಎಂದು ಬಿಟ್ಟೆ.

ಮಾರನೆಯ ದಿನ ಹಲಗೆಯ ಮೇಲಿದ್ದ ಆಟಿಕೆಗಳೆಲ್ಲ ಬಂದ ಚೀಲಗಳಲ್ಲೇ ವಾಪಸು ಹೋದವು. ಬಾತುಕೋಳಿಯ ಮನೆಯವರು ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡಳು. ಅಂಗಡಿಯಾಕೆ ಫೋನಿನಲ್ಲಿ ಕೂಗಾಡಿ, ಇನ್ನು ಮೀನೂ ಬೇಡ ಏನೂ ಬೇಡ ಎಂದಳು. ನನ್ನ ಮಗ "ತಲೆ ಕೆಟ್ಟಿದೆಯಾ ನಿನಗೆ?" ಎಂದು ಹೆಂಡತಿಯ ಮೇಲೆ ಏರಿಹೋದಾಗ ನಾನು ನಡುವೆ ನಿಂತು, ಅವನು ಸಣ್ಣವನಿದ್ದಾಗಲೂ ಕೇಳದಂಥ ಮಾತು ಕೇಳಿಸಿದೆ. ಸೊಸೆ ಅಂಗಡಿಗೆ ಹೋಗಿ ಕಿಟಕಿಯಿಂದ ಕತ್ತೆಮರಿಯನ್ನು ಇಸಿದುಕೊಂಡು ಬಂದಳು. ಗರಗಸ ಹಿಡಿದು ಕೂತಳು. ಒಂದು ಮೂಲೆ ಕೊಯ್ಯುವಷ್ಟರಲ್ಲಿ ಗೊತ್ತಾಯಿತು, ಗಂಜಿ ಅರಳೆಯವರೆಗೂ ಇಳಿದು ಒಳಗೆಲ್ಲ ಕಲ್ಲಾಗಿದೆ. ನಾನು ಅದೇ ಹಸಿರು ಬಟ್ಟೆಯಲ್ಲಿ ಇನ್ನೊಂದು ಹೊಲಿದುಕೊಟ್ಟೆ. ಚೋಟು "ಥ್ಯಾಂಕ್ಸ್ ಅಜ್ಜಿ" ಎಂದು ಅದನ್ನು ಕಪಾಟಿನಲ್ಲಿಟ್ಟಳು.

ಈಗ ಸೊಸೆ ಮತ್ತೆ ಮೀನು ಬರೆಯುತ್ತಾಳೆ. ಬೇರೆ ಅಂಗಡಿ ಹುಡುಕುತ್ತಿದ್ದಾಳೆ, ಸಿಗುತ್ತದೆ. ನಾವಿಬ್ಬರೂ ಮಾತಾಡುತ್ತೇವೆ, ಜಗಳವನ್ನೂ ಆಡುತ್ತೇವೆ. ಲೋಟ ಬೆರೆಸುವ ಮುಂಚೆ ಅವಳು ಮಗಳ ಮುಂದೆ ಮಂಡಿಯೂರಿ, "ಏನಾದ್ರೂ ಬೇಕಾ? ಕರೆದ್ರೆ ಬರ್ತೀನಿ, ಹಾಳಾದ್ರೂ ಪರವಾಗಿಲ್ಲ" ಎಂದು ಹೇಳಿ ಹೋಗುತ್ತಾಳೆ. ಚೋಟು ತಲೆಯಾಡಿಸುತ್ತಾಳೆ. ಒಮ್ಮೆಯೂ ಕರೆದಿಲ್ಲ.

ನಿನ್ನೆ ನಾನು ಹೊಲಿಯುತ್ತಾ ಕೂತಿದ್ದೆ. ಒಳಗೆ ಸೊಸೆ ಲೋಟ ಹಿಡಿದಿದ್ದಳು. ಚೋಟು ಲೋಟದ ತುಂಬ ನೀರು ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಳು. ಕಣ್ಣಿನಲ್ಲಿ ಹಳೆಯ ಹೊಳಪು ಒಂದಿಷ್ಟು ಇತ್ತು, ನೋಡಿ ನಾನು ಹೊಲಿಗೆ ನಿಲ್ಲಿಸಿದೆ.

"ಅಜ್ಜಿ, ಇದನ್ನ ಚೆಲ್ಲಲಾ?"

ನನಗೆ ಎಲ್ಲಿತ್ತೋ ಕೋಪ, ಕೇಳಿ ಮಾಡುವ ತುಂಟತನ ಎಂಥ ತುಂಟತನ? "ಚೆಲ್ಲೇ!" ಎಂದು ಗದರಿದೆ. "ಇಡೀ ಮನೆಗೆ ಚೆಲ್ಲು! ಯಾರನ್ನೂ ಕೇಳ್ಬೇಡ!"

ಅವಳು ಲೋಟ ಬಗ್ಗಿಸಿ ಒಂದು ತೊಟ್ಟು ಚೆಲ್ಲಿದಳು. ಗಾಜಿನ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಒರೆಸುವ ಬಟ್ಟೆ ತರಲು ಹೋದಳು.